ಮಧ್ಯಸ್ಥಿಕೆ ಕರಾರಿನಲ್ಲಿ ‘ಅಂಪೈರ್’ ಯಾರು?

ಪ್ರಶ್ನೆ (ಬಸವನಗುಡಿಯಿಂದ): ವಕೀಲರಿಗೆ ನಮಸ್ಕಾರ. ನಮ್ಮ ತಾತನವರ ಕಾಗದಪತ್ರಗಳಲ್ಲಿ 1958ರ ಒಂದು ಮಧ್ಯಸ್ಥಿಕೆ ಕರಾರು ಸಿಕ್ಕಿದೆ. ಚಿಕ್ಕಪೇಟೆಯ ಅಂಗಡಿಯ ಪಾಲುದಾರಿಕೆಯ ವ್ಯಾಜ್ಯವನ್ನು ಇಬ್ಬರು ಮಧ್ಯಸ್ಥಗಾರರು ಬಗೆಹರಿಸಬೇಕು, ಅವರಲ್ಲಿ ಒಮ್ಮತ ಮೂಡದಿದ್ದರೆ ‘ಅಂಪೈರ್’ ತೀರ್ಮಾನಿಸಬೇಕು ಎಂದು ಅದರಲ್ಲಿದೆ. ಚಿನ್ನಸ್ವಾಮಿ ಕ್ರೀಡಾಂಗಣದ ಅಂಪೈರ್ ಅಂಗಡಿಯ ಲೆಕ್ಕಕ್ಕೆ ಹೇಗೆ ಬಂದರು? ಈ ಪದಕ್ಕೂ ‘ಎಂಪೈರ್’ಗೂ ನಂಟಿದೆಯೇ?

ಉತ್ತರ: ನಮಸ್ಕಾರ. ಅಂಪೈರ್ ವ್ಯಾಜ್ಯದಿಂದ ಆಟಕ್ಕೆ ಹೋದವರೇ ಹೊರತು ಆಟದಿಂದ ವ್ಯಾಜ್ಯಕ್ಕೆ ಬಂದವರಲ್ಲ. 1744ರ ಕ್ರಿಕೆಟ್ ನಿಯಮಗಳಲ್ಲಿ ಅಂಪೈರ್ ಕಾಣಿಸಿಕೊಳ್ಳುವ ಹೊತ್ತಿಗೆ ಆ ಪದ ಇಂಗ್ಲೆಂಡಿನಲ್ಲಿ ಮಧ್ಯಸ್ಥಿಕೆಯ ಅರ್ಥದಲ್ಲಿ ಶತಮಾನಗಳಿಂದ ಬಳಕೆಯಲ್ಲಿತ್ತು. ಎಂಪೈರ್‌ಗೂ ಇದಕ್ಕೂ ಸಂಬಂಧವಿಲ್ಲ. ಅದು ಆಳ್ವಿಕೆಯನ್ನು ಸೂಚಿಸುವ ಲ್ಯಾಟಿನ್ನಿನ ‘ಇಂಪೀರಿಯಂ’ನಿಂದ ಬಂದದ್ದು.

ಅಂಪೈರ್‌ನ ಮೂಲ ಹಳೆಯ ಫ್ರೆಂಚಿನ ‘ನಾನ್‌ಪೆರ್’, ಅಂದರೆ ಸಮವಲ್ಲದವನು. ಇಲ್ಲಿ ‘ಸಮ’ ಎಂಬುದನ್ನು ಅಂತಸ್ತಿನ ಮಾತೆಂದು ತಿಳಿಯದೆ, ಸಮ-ಬೆಸ ಎನ್ನುವಾಗಿನ ‘ಸಮ’ವೆಂದು ತೆಗೆದುಕೊಂಡರೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ: ಇಬ್ಬರು ಎರಡು ಕಡೆ ಎಳೆದು ನಿಂತಾಗ ಕೂಡಿಕೊಳ್ಳುವ ಮೂರನೆಯವನು, ಬೆಸದವನು. ನಮ್ಮ ‘ಸಮ’ ಪದಕ್ಕೂ ಇವೆರಡೂ ಅರ್ಥಗಳಿರುವುದರಿಂದ ಕನ್ನಡಿಗರಿಗೆ ಈ ವ್ಯುತ್ಪತ್ತಿ ಇಂಗ್ಲಿಷರಿಗಿಂತ ಸುಲಭವೆಂದೇ ನನ್ನ ಅನಿಸಿಕೆ. ಇಂಗ್ಲಿಷಿನಲ್ಲಿ ಅದು ‘ನೂಂಪೆರ್’ ಆಯಿತು; ಪದಕ್ಕೆ ಮೊದಲು ‘ಎ’ ಸೇರಿಸಿ ಹೇಳುವಾಗ ಮೊದಲಿನ ‘ನ’ಕಾರವನ್ನು ಜನ ‘ಆ್ಯನ್’ನ ಭಾಗವೆಂದು ಕೇಳಿಸಿಕೊಂಡು ಪದದಿಂದ ಕಳಚಿಬಿಟ್ಟರು. ‘ನೇಪ್ರನ್’ ಎಂಬುದು ಏಪ್ರನ್ ಆದದ್ದೂ ಹೀಗೆಯೇ. 1992ರಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಸಚಿನ್ ತೆಂಡೂಲ್ಕರ್ ಅವರ ರನೌಟನ್ನು ತೀರ್ಮಾನಿಸಿದ ‘ಥರ್ಡ್ ಅಂಪೈರ್’ ಎಂಬ ಹೆಸರು, ಮೂಲಾರ್ಥ ಹಿಡಿದರೆ, ‘ಮೂರನೆಯ ಮೂರನೆಯವನು’ ಎಂದಾಗುತ್ತದೆ!

ಮರುಪ್ರಶ್ನೆ: ಧನ್ಯವಾದಗಳು ಸರ್. ಇಂದಿನ ಕರಾರಿನಲ್ಲೂ ಹೀಗೆ ಬರೆಯಬಹುದೇ? ಕನ್ನಡದಲ್ಲಿ ಏನೆನ್ನಬೇಕು?

ಉತ್ತರ: ನಿಮ್ಮ ತಾತನವರ ಕರಾರು 1940ರ ಮಧ್ಯಸ್ಥಿಕೆ ಕಾಯ್ದೆಯ ಕಾಲದ್ದು. ಮಧ್ಯಸ್ಥಗಾರರ ಸಂಖ್ಯೆ ಸಮವಾಗಿದ್ದರೆ ಅವರೇ ಒಬ್ಬ ಅಂಪೈರನ್ನು ನೇಮಿಸಿಕೊಳ್ಳಬೇಕಿತ್ತು, ಅವರಲ್ಲಿ ಒಮ್ಮತ ಮೂಡದಿದ್ದಾಗ ವ್ಯಾಜ್ಯ ಅವನ ಕೈಗೆ ಹೋಗುತ್ತಿತ್ತು. 1996ರ ಕಾಯ್ದೆಯ 10ನೆಯ ಕಲಮು ಮಧ್ಯಸ್ಥಗಾರರ ಸಂಖ್ಯೆ ಸಮವಾಗಿರಕೂಡದು ಎನ್ನುತ್ತದೆ. ಮೂವರಿದ್ದಲ್ಲಿ ಮೂರನೆಯವರು ಮೊದಲಿನಿಂದಲೇ ಕೂತು ಅಧ್ಯಕ್ಷತೆ ವಹಿಸುತ್ತಾರೆ. ಹಾಗಾಗಿ ಹೊಸ ಕರಾರಿನಲ್ಲಿ ‘ಅಂಪೈರ್’ ಬೇಡ, ‘ಮೂವರು ಮಧ್ಯಸ್ಥಗಾರರು’ ಎಂದು ಬರೆಯಿಸಿ. ಹಳೆಯದನ್ನು ಅನುವಾದಿಸುವುದಾದರೆ, ಬರೀ ‘ತೀರ್ಪುಗಾರ’ ಎಂದರೆ ಮೊದಲಿನ ಇಬ್ಬರಿಗೂ ಅದೇ ಹೆಸರು ಒಪ್ಪುವುದರಿಂದ, ‘ಒಮ್ಮತವಿಲ್ಲದಾಗ ತೀರ್ಮಾನಿಸುವ ಮೂರನೆಯ ಮಧ್ಯಸ್ಥ’ ಎಂದು ಬಿಡಿಸಿಯೇ ಬರೆಯಿರಿ.