ಅಪ್‌ಡೇಟ್: ಅಂಡಮಾನಿನಲ್ಲಿ ಕಡಲತೀರ ಬಿಟ್ಟು ನೋಡಿದ್ದು

ಅಂಡಮಾನಿಗೆ ಹೋದರೆ ಮರಳಿನ ಮೇಲೆ ಕುಳಿತೇ ಬರಬೇಕೆ, ಮೈ ನೋಯಿಸುವಂಥದ್ದು ಏನಾದರೂ ಇದೆಯೇ ಎಂದು ಕೇಳಿದ್ದೆ. ಬಾರಾಟಾಂಗ್ ದ್ವೀಪಕ್ಕೆ ಹೋಗಿ ಎಂದವರಿಗೆಲ್ಲ ಕಲಬುರಗಿಯಿಂದ ಶರಣು.

ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯ ಪುರಂ) ಕೋಳಿ ಕೂಗುವ ಮೊದಲೇ ಹೊರಟೆವು. ಜಿರ್ಕಾಟಾಂಗ್ ಚೆಕ್‌ಪೋಸ್ಟ್ ದಾಟಿದರೆ ಜಾರವಾ ಬುಡಕಟ್ಟಿನ ಮೀಸಲು ಪ್ರದೇಶ. ವಾಹನಗಳು ಸಾಲಾಗಿಯೇ ಸಾಗಬೇಕು. ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಸರಿಯಾದ ನಿಯಮ. ಅವರ ಮನೆಯಂಗಳದಲ್ಲಿ ನಾವು ಹಾದು ಹೋಗುವವರಷ್ಟೇ.

ಆಮೇಲೆ ದೋಣಿ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ನೀರಿನ ದಾರಿ ಕಿರಿದಾಗುತ್ತಾ ಹೋಗಿ, ಕೊನೆಗೆ ಕೊಂಬೆಗಳಿಗೆ ತಲೆ ಬಗ್ಗಿಸಿ ಕುಳಿತೆವು. ಅಲ್ಲಿಂದ ಸುಣ್ಣದ ಕಲ್ಲಿನ ಗುಹೆಗೆ ಕಾಲ್ನಡಿಗೆ. ಮಾರ್ಗದರ್ಶಿ ಟಾರ್ಚ್ ಹಿಡಿದಾಗ, ಮೇಲಿನಿಂದ ಇಳಿಬಿದ್ದ ಕಲ್ಲಿನ ತುದಿಯಲ್ಲಿ ಒಂದೇ ಒಂದು ಹನಿ ಬೀಳದೆ ನಿಂತಿತ್ತು. ಇಂಥ ಹನಿಗಳು ಬಿಟ್ಟುಹೋದ ಸುಣ್ಣವೇ ಸಾವಿರಾರು ವರ್ಷಗಳಲ್ಲಿ ಕೂಡಿ ಆ ಕಲ್ಲಾಗಿದೆಯಂತೆ. ಅಮ್ಮ ಮುಟ್ಟಲು ಹೋಗಿ ಬೈಸಿಕೊಂಡರು; ಕೈಯ ಜಿಡ್ಡು ತಗುಲಿದರೆ ಬೆಳವಣಿಗೆಗೆ ಅಡ್ಡಿ. ‘ನಮ್ಮ ಮನೆಯ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ದಿನಾ ತುಳಿಯುತ್ತೇವಲ್ಲ’ ಎಂದು ಗೊಣಗಿದರು.

ಮಣ್ಣಿನ ಜ್ವಾಲಾಮುಖಿಯಲ್ಲಿ ಬೆಂಕಿ ಇಲ್ಲವೆಂದು ಮಗನಿಗೆ ಮೊದಲೇ ಹೇಳಬೇಕಿತ್ತು. ನೆಲದೊಳಗಿನ ಅನಿಲ ಕೆಸರನ್ನು ಮೇಲೆ ತಳ್ಳುತ್ತದೆ, ಅಷ್ಟೇ. ಜೋಳದ ಅಂಬಲಿ ಸಣ್ಣ ಉರಿಯಲ್ಲಿ ಗುಳುಗುಳು ಎಂದಂತೆ.

ಹೋಗುವವರಿಗೆ ಒಂದು ಮಾತು: ಬಿಸಿಲು ನಮಗೆ ಲೆಕ್ಕಕ್ಕಿಲ್ಲ, ಆದರೆ ಆ ತೇವ ಬೇರೆಯೇ. ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ ಎರಡನೇ ದಿನಕ್ಕೇ ಚಪಾತಿಯಂತೆ ಮಡಚುತ್ತಿತ್ತು.