ಹಿಂದಿನ ಸೀಟಿನ ಕೆಳಗೆ ಕುಂಯ್ ಅನ್ನುವ ಸದ್ದು, ಮೂರು ತಿಂಗಳಿಂದ ಹೋಗ್ತಿಲ್ಲ

ಹಳೇಗಾಡಿ_ವಿಜಯಪುರ
ಎಲ್ಲರಿಗೂ ನಮಸ್ಕಾರ. ನನ್ನ ಹಳೇ ಕಾರಿನ ಹಿಂದಿನ ಸೀಟಿನ ಕೆಳಗಿಂದ ಕುಂಯ್ ಅಂತ ಸದ್ದು. ಹಾಡು ಹಾಕಿದರೂ ಕೇಳುತ್ತದೆ. ಮೊನ್ನೆ ಬಾಗಲಕೋಟೆಗೆ ಹೊರಟಾಗ ಕೊಲ್ಹಾರ ಬ್ರಿಜ್ ಬರುವಷ್ಟರಲ್ಲಿ ಶುರುವಾಯ್ತು, ಊರು ಮುಟ್ಟುವವರೆಗೂ ನಿಲ್ಲಲಿಲ್ಲ. ಹಿಂದೆ ಕೂತಿದ್ದ ಅವ್ವ "ಕಿವಿಯಲ್ಲಿ ಸೊಳ್ಳೆ ಹೊಕ್ಕಂಗ ಆಗೇತಿ" ಅಂದಳು. ಎರಡು ಗ್ಯಾರೇಜ್ ಸುತ್ತಿದೆ. ಎರಡೂ ಕಡೆ "ಹಳೇ ಗಾಡಿ, ಸದ್ದು ಇರೋದೇ" ಅಂದರು. ಅಪ್ಪ ಕೊಂಡ ಗಾಡಿ ಇದು, ಮಾರುವ ಮನಸ್ಸಿಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ರಬಕವಿ_ಮಿಸ್ತ್ರಿ
ಇಂಜಿನಿಗೆ ಪೆಟ್ರೋಲ್ ತಳ್ಳುವ ಫ್ಯುಯೆಲ್ ಪಂಪ್ ಹೋಗಿದೆ. ಬದಲಾಯಿಸಿ.

ಗೋಕಾಕ್_ಕರದಂಟು
ಸರ್, ಯಾವ ವರ್ಷದ ಗಾಡಿ? ಹಳೇ ಬಗೆಯ ಕಾರ್ಬುರೇಟರೋ, ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐಯೋ? ಕೀ ಆನ್ ಮಾಡಿದಾಗ ಎರಡು-ಮೂರು ಸೆಕೆಂಡ್ ಬಂದು ನಿಂತರೆ ಅದು ಪಂಪ್ ಲೈನಿನಲ್ಲಿ ಪ್ರೆಶರ್ ಕಟ್ಟುವ ಸದ್ದು, ಚಿಂತೆ ಬೇಡ. ಓಡುವಾಗಲೂ ಬಂದರೆ ಮಾತ್ರ ನೋಡಬೇಕು.

ಹಳೇಗಾಡಿ_ವಿಜಯಪುರ
2004ರದ್ದು, ಪೆಟ್ರೋಲ್, ಎಂಪಿಎಫ್‌ಐ. ಪಂಪ್ ಹಿಂದಿನ ಸೀಟಿನ ಕೆಳಗಿನ ಟ್ಯಾಂಕಿನೊಳಗೇ ಇದೆ. ಓಡುವಾಗಲೇ ಬರುತ್ತದೆ. ಫುಲ್ ಟ್ಯಾಂಕ್ ಮಾಡಿಸಿದರೆ ಸದ್ದು ಮಾಯ. ಮುಕ್ಕಾಲು ಗಂಟೆ ಓಡಿಸಿದ ಮೇಲೆ ಮತ್ತೆ ಹಾಜರ್.

ರಬಕವಿ_ಮಿಸ್ತ್ರಿ
ಹೇಳಿದೆನಲ್ಲ! ಪಂಪಿನ ಮೋಟಾರನ್ನು ತಣ್ಣಗೆ ಇಡುವುದೇ ಪೆಟ್ರೋಲ್. ರಿಸರ್ವಿನಲ್ಲೇ ಓಡಿಸಿದರೆ ಪಂಪ್ ಬಿಸಿಯಾಗಿ ಸವೆಯುತ್ತದೆ. ಟ್ಯಾಂಕ್ ತುಂಬಿದ್ದಾಗ ಸುಮ್ನಿರುತ್ತದೆ, ಇಳಿದಾಗ ಕೂಗುತ್ತದೆ. ಪಂಪೇ.

ಇಳಕಲ್_ರೈಡರ್
ಪಂಪ್ ಅಲ್ಲ, ಇ20 ಪೆಟ್ರೋಲ್, ಅಂದರೆ ಶೇ. 20 ಎಥೆನಾಲ್ ಬೆರೆಸಿದ್ದು. 2004ರ ಗಾಡಿಯ ರಬ್ಬರ್ ಪೈಪು, ಸೀಲುಗಳು ಅಷ್ಟು ಎಥೆನಾಲಿಗೆ ಮಾಡಿದ್ದಲ್ಲ. ಉಬ್ಬುತ್ತವೆ, ಬಿರುಕು ಬಿಡುತ್ತವೆ. ಟ್ಯಾಂಕಿನ ತಳದ ಹಳೇ ಕೊಳೆಯನ್ನೂ ಎಬ್ಬಿಸಿ ಫಿಲ್ಟರಿಗೆ ತಂದು ಹಾಕುತ್ತದೆ.

ಮುಧೋಳ_ಕಬ್ಬು
ಎಲ್ಲದಕ್ಕೂ ಎಥೆನಾಲನ್ನೇ ಬಯ್ಯುವುದು ಯಾಕೆ? ನಮ್ಮ ಕಡೆಯ ಕಬ್ಬಿನ ಬಿಲ್ಲು ಅದರ ಮೇಲೂ ನಿಂತಿದೆ. ನನ್ನ ಗಾಡಿಯೂ ಹಳೇದೇ, ಅದೇ ಪೆಟ್ರೋಲ್ ಕುಡಿಯುತ್ತದೆ. ಒಂದು ಸದ್ದಿಲ್ಲ.

ಇಳಕಲ್_ರೈಡರ್
ಅಣ್ಣಾ, ರೈತರನ್ನು ನಾನು ಬಯ್ಯಲಿಲ್ಲ. ಹಳೇ ಗಾಡಿಯಲ್ಲಿ ಮೈಲೇಜ್ ಶೇ. 6–7ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ.

ಮುಧೋಳ_ಕಬ್ಬು
ಮೈಲೇಜ್ ಬೇರೆ, ಸದ್ದು ಬೇರೆ. ಅವರು ಕೇಳಿದ್ದು ಸದ್ದಿನ ಬಗ್ಗೆ.

ಪದ್ಮಿನಿ_89
ಅದಕ್ಕೇ ನಾನು 1989ರ ಪದ್ಮಿನಿ ಕಾರು ಬಿಟ್ಟಿಲ್ಲ, ಅದು ಕಾರ್ಬುರೇಟರಿನದ್ದು. ಪಂಪ್ ಇಂಜಿನ್ ಪಕ್ಕದಲ್ಲೇ, ಕ್ಯಾಮ್ ತಳ್ಳುತ್ತದೆ, ಡಯಾಫ್ರಾಮ್ ಎಳೆಯುತ್ತದೆ, ಅಷ್ಟೇ. ಎರಡು ಸ್ಪ್ಯಾನರ್ ಸಾಕು. ಟಿಳಕವಾಡಿಯ ಮನೆ ಹಿಂದೆ ಶೆಡ್ ಹಾಕಿದ್ದೇನೆ. ಕಂಪ್ರೆಸರ್, ಸ್ಪಾರ್ಕ್ ಪ್ಲಗ್ ಟೆಸ್ಟರ್, ಟೈಮಿಂಗ್ ಲೈಟ್ ಎಲ್ಲ ಇದೆ. ಬೆಳಗಾವಿ ಕಡೆ ಬಂದವರು ನೋಡಿ ಹೋಗಿ.

ರಬಕವಿ_ಮಿಸ್ತ್ರಿ
ಕಾರ್ಬುರೇಟರ್ ಕಥೆ ಇಲ್ಲಿ ಬೇಡ. ಪಂಪ್ ಹಾಕಿಸಿ, ಆಮೇಲೆ ಹೇಳಿ.

ಹಳೇಗಾಡಿ_ವಿಜಯಪುರ
ಪಂಪ್ ಹಾಕಿಸಿ ಎರಡು ತಿಂಗಳಾಯ್ತು ಸರ್. ಫಿಲ್ಟರೂ ಹೊಸದು. ಸದ್ದು ಹಾಗೇ ಇದೆ, ಅದಕ್ಕೇ ಇಲ್ಲಿ ಕೇಳಿದ್ದು.

ರಬಕವಿ_ಮಿಸ್ತ್ರಿ
ಇದನ್ನು ಮೊದಲೇ ಹೇಳಬೇಕಿತ್ತು. ಹಾಗಾದರೆ ಹಾಕಿದ್ದು ಡೂಪ್ಲಿಕೇಟ್. ಒರಿಜಿನಲ್ ಹಾಕಿಸಿ.

ಗೋಕಾಕ್_ಕರದಂಟು
ಮಿಸ್ತ್ರಿ ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಲೆಕ್ಕ ಹಾಕೋಣ. ಫುಲ್ ಟ್ಯಾಂಕ್ ಮಾಡಿ ಮುಕ್ಕಾಲು ಗಂಟೆ ಓಡಿಸಿದರೆ ಮೂರು-ನಾಲ್ಕು ಲೀಟರ್ ಖರ್ಚಾದೀತು. ಟ್ಯಾಂಕ್ ಇನ್ನೂ ಮುಕ್ಕಾಲಿಗಿಂತ ಮೇಲೇ. ಪಂಪ್ ಮುಳುಗಿಯೇ ಇದೆ. ಮತ್ತೆ ಯಾಕೆ ಕೂಗಬೇಕು?

ಬಂಕಿನಲ್ಲಿ ಪೆಟ್ರೋಲ್ ಹಾಕುವಾಗ ಇನ್ನೊಂದು ಕೆಲಸವೂ ಆಗುತ್ತದೆ. ಕ್ಯಾಪ್ ತೆಗೆಯುತ್ತಾರೆ! ಪೆಟ್ರೋಲ್ ಹೊರಹೋದಷ್ಟು ಜಾಗಕ್ಕೆ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಕಟ್ಟುತ್ತದೆ. ಪಂಪಿನ ಬಾಯಲ್ಲೇ ಪೆಟ್ರೋಲ್ ಗುಳ್ಳೆಯಾಗಲು ಶುರು. ಆ ಗುಳ್ಳೆ ಎಳೆಯುವಾಗ ಹೊಸ ಪಂಪೂ ಕುಂಯ್ ಅನ್ನುತ್ತದೆ.

ಒಂದು ಪರೀಕ್ಷೆ ಮಾಡಿ. ಸದ್ದು ಬಂದಾಗ ಗಾಡಿ ಬದಿಗೆ ಹಾಕಿ, ಪೆಟ್ರೋಲ್ ಹಾಕಿಸದೆ ಬರೀ ಕ್ಯಾಪ್ ತೆಗೆಯಿರಿ. ಬಾಯಿಗೆ ತೆಳು ಕ್ಯಾರಿಬ್ಯಾಗ್ ಹಿಡಿಯಿರಿ. ಬಿಸಿಲಲ್ಲಿ ಟ್ಯಾಂಕಿನಿಂದ ಗಾಳಿ ಹೊರಗೆ ಬರುವುದು ಸಹಜ. ಒಳಗೆ ಎಳೆದರೆ ಅಲ್ಲೇ ಇದೆ ರೋಗ. ಹತ್ತಿರ ಬೀಡಿ, ಸಿಗರೇಟ್ ಯಾವುದೂ ಬೇಡ. ಅಂದಹಾಗೆ, ಕ್ಯಾಪ್ ಗಾಡಿಯದ್ದೇನಾ?

ಹಳೇಗಾಡಿ_ವಿಜಯಪುರ
ಈಗಷ್ಟೇ ಮನೆಗೆ ಬಂದೆ, ಕೈ ಇನ್ನೂ ನಡುಗುತ್ತಿದೆ ಖುಷಿಗೆ. ಕೊಲ್ಹಾರದ ಹತ್ತಿರ ನಿಲ್ಲಿಸಿ ಕ್ಯಾಪ್ ತಿರುಗಿಸಿದೆ. ಉಸ್ಸ್ ಅಂತ ಎಳೆಯಿತು! ಕ್ಯಾರಿಬ್ಯಾಗ್ ಬಾಯಿಗೆ ಅಂಟಿಕೊಂಡಿತು. ಮತ್ತೆ ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ. ಕ್ಯಾಪ್ ಗಾಡಿಯದ್ದಲ್ಲ. ಹಳೇದು ಕಳೆದು ಅಂಗಡಿಯಲ್ಲಿ ಸಿಕ್ಕ ಲಾಕ್ ಕ್ಯಾಪ್ ಹಾಕಿದ್ದೆ. ಅದೂ ಮುಖ್ಯ ಅಂತ ಹೊಳೆಯಲಿಲ್ಲ. ಗಾಡಿ ನಾಲ್ಕು ತಿಂಗಳು ತೋಟದ ಬೇವಿನ ಮರದ ಕೆಳಗೆ ನಿಂತಿತ್ತು, ಅದನ್ನೂ ಹೇಳಬೇಕಿತ್ತೇನೋ.

ಗೋಕಾಕ್_ಕರದಂಟು
ಬರೀ ಕ್ಯಾಪಿನಿಂದ ಇಷ್ಟಾಗಲಿಕ್ಕಿಲ್ಲ. ಗಾಡಿಯ ಕ್ಯಾಪಿನಲ್ಲಿ ಗಾಳಿ ಒಳಗೆ ಬಿಡುವ ಚಿಕ್ಕ ವಾಲ್ವ್ ಇರುತ್ತದೆ, ನಿಮ್ಮದರಲ್ಲಿ ಇಲ್ಲ ಅನಿಸುತ್ತದೆ. ಆದರೆ ಮುಖ್ಯ ದಾರಿ ಚಾರ್ಕೋಲ್ ಕ್ಯಾನಿಸ್ಟರ್, ಅಂದರೆ ಟ್ಯಾಂಕಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ. ಇಂಜಿನ್ ಅದರಿಂದ ಪೆಟ್ರೋಲ್ ಆವಿ ಎಳೆಯುತ್ತದೆ. ಅದರ ಗಾಳಿ ಪೈಪು ಕಟ್ಟಿದರೆ ಆ ಎಳೆತ ಸೀದಾ ಟ್ಯಾಂಕಿನ ಮೇಲೇ ಬೀಳುತ್ತದೆ. ನಾಲ್ಕು ತಿಂಗಳು ಮರದ ಕೆಳಗೆ ಅಂದಿರಲ್ಲ, ಆ ಪೈಪು ಬಿಚ್ಚಿ ನೋಡಿ.

ಹಳೇಗಾಡಿ_ವಿಜಯಪುರ
ಸಿಕ್ಕಿತು. ಪೈಪಿನ ಬಾಯಿ ಪೂರ್ತಿ ಎರೆಮಣ್ಣು. ಕುಂಬಾರ ಹುಳ ಗೂಡು ಕಟ್ಟಿದೆ. ತಂತಿಯಿಂದ ಕೆದಕಿದರೆ ಹೆಂಟೆ ಹೆಂಟೆಯಾಗಿ ಉದುರಿತು, ಒಳಗೆ ಒಣಗಿದ ಪುಟ್ಟ ಜೇಡಗಳು. ಪೈಪು ಬಿಚ್ಚಿ, ಗಾಳಿ ಹೊಡೆಸಿ ಹಾಕಿದೆ. ವಾಲ್ವ್ ಇರುವ ಕ್ಯಾಪೂ ತಂದೆ. ಇವತ್ತು ಬಾಗಲಕೋಟೆಗೆ ಹೋಗಿ ಬಂದೆ, ಅವ್ವನೂ ಜೊತೆಗಿದ್ದಳು. ಕೊಲ್ಹಾರ ದಾಟುವಾಗ ಅವಳಿಗೆ ನಿದ್ದೆ ಹತ್ತಿತ್ತು. ಇಂಜಿನ್ ಕಡೆ ಸಣ್ಣಗೆ ಟಿಕ್ ಟಿಕ್ ಇದೆ, ಅದೇನು?

ರಬಕವಿ_ಮಿಸ್ತ್ರಿ
ಇಂಜೆಕ್ಟರ್ ಇರಬೇಕು, ಅದು ಹಾಗೇ ಬಡಿಯುತ್ತದೆ. ಉದ್ದ ಸ್ಕ್ರೂಡ್ರೈವರಿನ ತುದಿ ಅದಕ್ಕೆ ತಾಗಿಸಿ, ಹಿಡಿ ಕಿವಿಗೆ ಇಟ್ಟು ಕೇಳಿ. ಫ್ಯಾನಿನಿಂದ ದೂರ ನಿಲ್ಲಿ. ಎಲ್ಲ ಒಂದೇ ಸಮ ಬಡಿದರೆ ಸುಮ್ನೆ ಬಿಟ್ಟುಬಿಡಿ. ಗೋಕಾಕದವರು ಸರಿಯಾಗಿ ಹಿಡಿದರು, ನಾನು ಪಂಪಿಗೇ ಅಂಟಿಕೊಂಡೆ. ಬಿಚ್ಚಿದ ಹಳೇ ಪಂಪ್ ಇದೆಯಾ? ಅದರಲ್ಲಿ ದೋಷ ಇರಲಿಲ್ಲ ಅನಿಸುತ್ತದೆ. ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಇಡಿ.

ಪದ್ಮಿನಿ_89
ನನ್ನ ಶೆಡ್ಡಿನಲ್ಲೂ ಕುಂಬಾರ ಹುಳ ಜಾಸ್ತಿ. ನಾಳೆ ಬೆಳಿಗ್ಗೆ ಎಲ್ಲ ಪೈಪು ನೋಡುತ್ತೇನೆ.