ಕಬಡ್ಡಿ ಹುಡುಗರಿಗೆ ರಗ್ಬಿ: ಯಾವ ಗುಣ ನೋಡಿ ಆರಿಸ್ಬೇಕು?

ಎರೆಹೊಲ, ಕೊಪ್ಪಳ
ನಮಸ್ಕಾರ್ರಿ. ಕುಷ್ಟಗಿ ಕಡೆ ಕಬಡ್ಡಿ ಆಡೋ 16–18 ವಯಸ್ಸಿನ ಹುಡುಗರಿಗೆ ಸೆವೆನ್ಸ್ (ಏಳೇಳು ಮಂದಿ ಆಡೋ) ರಗ್ಬಿ ಕಲಿಸೋ ವಿಚಾರ ಐತಿ. ಗಟ್ಟಿ ಅದಾರ, ಓಟಾನೂ ಚಲೋ ಐತಿ. ಆದ್ರ ಅಂತಾರಾಷ್ಟ್ರೀಯ ಮಟ್ಟದಾಗ ಎದ್ದು ಕಾಣೋ ಆಟಗಾರರಲ್ಲಿ ಅಂಥಾದ್ದೇನಿರ್ತದ? ಮೈಕಟ್ಟು, ಓಟ ಎರಡೇ ನೋಡಿ ಆರಿಸಿದ್ರ ಸಾಕೇನು? ಕಬಡ್ಡಿಯಿಂದ ಏನು ಉಳಿಸ್ಕೋಬೇಕು, ಏನು ಬಿಡಿಸ್ಬೇಕು?

ಕೋಟೆಗುಡ್ಡ, ಬಳ್ಳಾರಿ
ಮೈಕಟ್ಟು ನೋಡಿ ಆರಿಸೋಕೆ ಹೋದ್ರೆ ಒಳ್ಳೇ ಹುಡುಗರೇ ಕೈತಪ್ಪಿ ಹೋಗ್ತಾರೆ. 1995ರ ವಿಶ್ವಕಪ್ ಸೆಮಿಫೈನಲ್ಲಲ್ಲಿ ಇಂಗ್ಲೆಂಡ್ ಮೇಲೆ ನಾಲ್ಕು ಟ್ರೈ (ಎದುರಾಳಿ ಗೋಲ್ ಲೈನ್ ದಾಟಿ ಚೆಂಡನ್ನ ನೆಲಕ್ಕೆ ಊರೋದು) ಹೊಡೆದ ನ್ಯೂಜಿಲೆಂಡಿನ ಜೋನಾ ಲೋಮು 1.96 ಮೀಟರ್ ಆಳು, ನಿಜ. ಅದೇ ವಿಂಗ್ (ಸಾಲಿನ ತುದಿ) ಜಾಗದಲ್ಲಿ ಆಡೋ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ ನಮ್ಮೂರ ಹುಡುಗರಷ್ಟೇ ಎತ್ತರ, 1.72 ಮೀಟರ್ ಆಸುಪಾಸು. 2019, 2023 ಎರಡೂ ವಿಶ್ವಕಪ್ ಗೆದ್ದ ತಂಡದಲ್ಲಿದ್ದ.

2023ರ ಕ್ವಾರ್ಟರ್‌ಫೈನಲ್ ವಿಡಿಯೋ ಹಾಕಿ ತೋರ್ಸಿ. ಫ್ರಾನ್ಸ್ ಟ್ರೈ ಹೊಡೀತು, ಥಾಮಸ್ ರಾಮೋಸ್ ಕನ್ವರ್ಷನ್‌ಗೆ, ಅಂದ್ರೆ ಟ್ರೈ ಆದ್ಮೇಲೆ ಗೋಲ್ ಕಂಬದ ನಡುವೆ ಒದ್ದು 2 ಅಂಕ ತಗೊಳ್ಳೋಕೆ, ಚೆಂಡು ಇಟ್ಟ. ಇಂಥ ಹೊತ್ತಲ್ಲಿ ಟ್ರೈ ಕೊಟ್ಟ ತಂಡದವರು ಗೋಲ್ ಲೈನ್ ಹಿಂದೆ ಸೊಂಟಕ್ಕೆ ಕೈ ಇಟ್ಕೊಂಡು ನಿಂತಿರ್ತಾರೆ. ಆದ್ರೆ ಒದೆಯೋನು ಚೆಂಡಿನ ಕಡೆ ಹೆಜ್ಜೆ ಕಿತ್ತ ಕೂಡಲೇ ಎದುರಾಳಿ ನುಗ್ಗಬಹುದು ಅಂತ ನಿಯಮ ಇದೆ. ಕೋಲ್ಬೆ ಅದಕ್ಕೇ ಕಾಯ್ತಿದ್ದ. ರಾಮೋಸ್ ಕದಲಿದ್ದೇ ತಡ, ಬಾಣದ ಹಂಗೆ ಬಂದು ಒದ್ದ ಚೆಂಡನ್ನ ತಡೆದುಬಿಟ್ಟ. ಫ್ರಾನ್ಸಿಗೆ 2 ಅಂಕ ಹೋಯ್ತು. ಪಂದ್ಯ ಮುಗಿದಾಗ ಸ್ಕೋರು 29–28, ಗೆದ್ದಿದ್ದು ದಕ್ಷಿಣ ಆಫ್ರಿಕಾ.

ಹಂಗಾಗಿ ಚೆಂಡು ಕೈಲಿಲ್ಲದಾಗ ಹುಡುಗ ಏನ್ಮಾಡ್ತಾನೆ ಅದನ್ನ ನೋಡಿ. ಅಳೆಯೋದೂ ಸುಲಭ. ಟ್ಯಾಕಲ್ (ಚೆಂಡು ಹಿಡಿದೋನನ್ನ ಹಿಡಿದು ಕೆಡವೋದು) ಮಾಡಿ ನೆಲಕ್ಕೆ ಬಿದ್ದ ಕ್ಷಣದಿಂದ ಎದ್ದು ಮತ್ತೆ ಸಾಲಿಗೆ ಸೇರೋ ತನಕ ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡೀರಿ. ಶುರುವಲ್ಲಿ ಎಲ್ಲಾರೂ ಪುಟಿದು ಏಳ್ತಾರೆ; ಕೊನೇ ಎರಡು ನಿಮಿಷದ ಲೆಕ್ಕಾನೇ ಲೆಕ್ಕ. 2023ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್-ಸ್ಟೆಫ್ ಡು ಟಾಯ್ಟ್ ಒಬ್ಬನೇ 28 ಟ್ಯಾಕಲ್ ಮಾಡಿದ. ಬಿದ್ದಷ್ಟು ಸಲವೂ ಎದ್ದರೆ ಮಾತ್ರ ಆ ಸಂಖ್ಯೆ ಬರೋದು.

ದಮ್ಮು ನೋಡೋಕೆ ಬ್ರಾಂಕೋ ಟೆಸ್ಟ್ ಸಾಕು: 20 ಮೀಟರ್ ಹೋಗಿ ವಾಪಸ್, 40 ಹೋಗಿ ವಾಪಸ್, 60 ಹೋಗಿ ವಾಪಸ್. ಇದೊಂದು ಸುತ್ತು, ನಡುವೆ ನಿಲ್ಲದೆ ಇಂಥವು ಐದು, ಒಟ್ಟು 1200 ಮೀಟರ್. ನ್ಯೂಜಿಲೆಂಡಿನ ಬೋಡನ್ ಬ್ಯಾರೆಟ್ 2020ರಲ್ಲಿ 4 ನಿಮಿಷ 12 ಸೆಕೆಂಡಲ್ಲಿ ಮುಗಿಸಿದ್ದ. ನಿಮ್ಮ ಹುಡುಗರು 5 ನಿಮಿಷದೊಳಗೆ ಬಂದ್ರೆ ಒಳ್ಳೇ ಶುರುವಾತು.

ಕೃಷ್ಣೆದಂಡಿ, ರಾಯಚೂರು
ಕಬಡ್ಡಿಯಿಂದ ಬಿಡಿಸೋದು ಹೇಳ್ತೀನಿ, ಯಾಕಂದ್ರ ಕಾರ್ಡ್ ಬೀಳೋದು ಅಲ್ಲೇ.

ಮೊದಲನೇದು ಡ್ಯಾಶ್. ಕಬಡ್ಡಿಯೊಳಗ ರೇಡರ್‌ಗೆ ಭುಜ ಕೊಟ್ಟು ಹೊರಗ ದಬ್ಬಿದ್ರ ಚಪ್ಪಾಳಿ. ರಗ್ಬಿಯೊಳಗ ಕೈ ಸುತ್ತದೆ ಬರೇ ಭುಜದಿಂದ ಗುದ್ದಿದ್ರ ಪೆನಾಲ್ಟಿ. ಭುಜದ ಗೆರಿಗಿಂತ ಮ್ಯಾಲೆ ಹಿಡದ್ರೂ ಅದೇ. ತಲಿಗೆ ಬಡೀತಂದ್ರ ಕೆಂಪು ಕಾರ್ಡೂ ಬರಬಹುದು. ಎತ್ತಿ ತಲಿ ಕೆಳಗ ಮಾಡಿ ಒಗಿಯೋದಂತೂ ಬ್ಯಾಡೇ ಬ್ಯಾಡ.

ಎರಡನೇದು ಆ್ಯಂಕಲ್ ಹೋಲ್ಡ್. ತಲಿ ಬಗ್ಗಿಸಿ ಕಾಲಿಗೆ ಹಾರೋ ಚಟ ಇದ್ರ ಓಡಿಬರೋನ ಮೊಣಕಾಲು ನೇರ ತಲಿಗೇ ಬಡೀತದ. ಥೈ ಹೋಲ್ಡ್ (ತೊಡಿ ಹಿಡಿಯೋದು) ಮಾಡೋ ಹುಡುಗ್ರು ಲಗೂ ಕಲೀತಾರ. ಕ್ರಮ ಹಿಂಗ: ಕಡೀ ಎರಡು ಹೆಜ್ಜಿ ಸಣ್ಣವು ಇಡಬೇಕು, ಒಂದು ಕಾಲು ಎದುರಿನವನ ಕಾಲ ಹತ್ರ ಊರಬೇಕು, ಕಣ್ಣು ತೆರದಿರಬೇಕು, ತಲಿ ಅವನ ಮೈ ಬಾಜೂಕ. ಬಾಜೂದಿಂದ ಹಿಡಿಯೋದಿದ್ರ ತಲಿ ಅವನ ಬೆನ್ನಿನ ಕಡೆ ಇರಬೇಕು, ಮುಂದ ಸಿಕ್ಕಿದ್ರ ಅವನ ಮೈ ತಲಿ ಮ್ಯಾಲೇ ಬೀಳ್ತದ. ಭುಜ ತಾಕಿದ ಮ್ಯಾಲೆ ಎರಡೂ ಕೈ ಬಿಗಿದು ಕಾಲು ನೂಕ್ತಾ ಇರಬೇಕು.

ಮೂರನೇದು ಬಿಡೋ ಚಟಾನೇ ಇಲ್ಲದಿರೋದು. ಕಬಡ್ಡಿ ಹುಡುಗ ಹಿಡದಾಂದ್ರ ಸೀಟಿ ಊದೋ ತನಕ ಬಿಡಂಗಿಲ್ಲ. ಇಲ್ಲಿ ಎದುರಿನವ ನೆಲಕ್ಕ ಬಿದ್ದ ಕೂಡಲೇ ಕೈ ಬಿಟ್ಟು ಎದ್ದು ನಿಂದರಬೇಕು. ಆಮ್ಯಾಲೆ, ರಕ್ (ನೆಲದ ಚೆಂಡಿನ ಮ್ಯಾಲೆ ಎರಡೂ ಕಡೆಯವರು ನಿಂತು ನೂಕಾಡೋದು) ಕಟ್ಟೋಕಿಂತ ಮೊದಲ, ಸ್ವಂತ ಕಾಲ ಮ್ಯಾಲೆ ನಿಂತು ಬಗ್ಗಿ ಚೆಂಡಿಗೆ ಕೈ ಹಾಕಬಹುದು. ಚೆಂಡು ದಾಟಿ ನೆಲಕ್ಕ ಕೈ ಊರಿದ್ರ ತಪ್ಪು. ಭುಜ ಸೊಂಟಕ್ಕಿಂತ ಕೆಳಗಾದ್ರ ಎದುರಿನವರು ಒಂದೇ ನೂಕಿಗೆ ಮಗಚ್ತಾರ. 2011, 2015ರ ವಿಶ್ವಕಪ್ ಗೆದ್ದ ನ್ಯೂಜಿಲೆಂಡ್ ನಾಯಕ, 148 ಟೆಸ್ಟ್ ಆಡಿದ ರಿಚಿ ಮೆಕಾ ಈ ಕೆಲಸಕ್ಕ ಹೆಸರಾದವ. ಎಲ್ಲಾ ರಕ್ಕಿಗೂ ನುಗ್ಗತಿರಲಿಲ್ಲ. ಯಾವುದು ಸಿಗ್ತದ, ಯಾವುದು ಬಿಡಬೇಕು ಅನ್ನೋದು ಗೊತ್ತಿತ್ತು. ಸಿಗದ ಚೆಂಡಿಗೆ ಹೋದ್ರ ಹೊರಗ ಸಾಲಿನೊಳಗ ಒಬ್ಬ ಕಮ್ಮಿ ಬೀಳ್ತಾನ, ಸೆವೆನ್ಸ್‌ನಾಗ ಅಂದ್ರ ಟ್ರೈ ಕೊಟ್ಟಂಗೇ.

ಉಳಿಸ್ಕೊಳ್ಳೋದು ಚೈನ್. ಪಕ್ಕದವನ ಕೂಡ ಒಂದೇ ಗೆರಿಯೊಳಗ ಮುಂದ ಬರೋ ಅಭ್ಯಾಸ ಇವರಿಗೆ ಹುಟ್ಟಿನಿಂದ್ಲೇ ಇರ್ತದ.

ಸೀಟಿಮಾಸ್ತರ, ಬಳ್ಳಾರಿ
ಕೋಟೆಗುಡ್ಡ ಅವರ ಮಾತಿಗೆ ಸಣ್ಣ ತಕರಾರು. 15 ಜನರ ಆಟದಲ್ಲಿ ಮೈಕಟ್ಟು ಲೆಕ್ಕಕ್ಕಿಲ್ಲ ಅನ್ನೋಕಾಗಲ್ಲ. ದಕ್ಷಿಣ ಆಫ್ರಿಕಾದ ಏಬೆನ್ ಎಟ್ಜೆಬೆತ್ ಥರದ ಲಾಕ್‌ಗಳು (ಎರಡನೇ ಸಾಲಿನವರು) 2 ಮೀಟರ್ ದಾಟಿದವರು, ಎರಡೂ ತಂಡ ತಲೆ ತಗ್ಗಿಸಿ ಎದುರುಬದುರು ನೂಕಾಡೋ ಸ್ಕ್ರಮ್‌ನಲ್ಲಿ ಮುಂದಿನ ಸಾಲಲ್ಲಿ ನೂಕೋ ಪ್ರಾಪ್‌ಗಳು ಸಣ್ಣಾಳುಗಳಲ್ಲ. ಸೆವೆನ್ಸ್‌ಗಾದ್ರೆ ಅವರು ಹೇಳಿದ್ದೇ ಸರಿ.

ಯಾರೂ ಹೇಳದ್ದು ಪಾಸ್. ಕಬಡ್ಡಿಯಲ್ಲಿ ಚೆಂಡೇ ಇಲ್ಲವಲ್ಲ! ಫ್ರಾನ್ಸಿನ ಆಂಟ್ವಾನ್ ಡುಪಾಂಟ್ 2024ರಲ್ಲಿ ಸೆವೆನ್ಸ್‌ಗೆ ಬಂದು ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದ. ಎಡಕ್ಕೂ ಬಲಕ್ಕೂ ಅವನ ಪಾಸು ಒಂದೇ ಥರ ಹೋಗುತ್ತೆ, ಚೆಂಡು ಕೈಗೆ ಬರೋ ಮೊದಲೇ ಎಲ್ಲಿ ಜಾಗ ಖಾಲಿ ಅಂತ ನೋಡಿಟ್ಕೊಂಡಿರ್ತಾನೆ. ದಿನಾ ಎಡಕ್ಕೆ 50, ಬಲಕ್ಕೆ 50, ಮೊದಲು 5 ಮೀಟರ್, ಆಮೇಲೆ 10. ಚೆಂಡು ಬಿಟ್ಟ ಮೇಲೆ ಬೆರಳು ಗುರಿ ಕಡೆ ತೋರಿಸ್ತಿರಬೇಕು. ರಗ್ಬಿಯಲ್ಲಿ ಕೈಯಿಂದ ಪಾಸು ಮುಂದಕ್ಕೆ ಹೋಗೋ ಹಾಗಿಲ್ಲ; ಹೋಗ್ತಿದ್ರೆ ಬಹಳ ಸಲ ತಪ್ಪು ಕೈಯದ್ದಲ್ಲ, ತಗೊಳ್ಳೋನು ಹಿಂದೆ ನಿಲ್ಲದೆ ಸರಿಸಮಕ್ಕೆ ಓಡ್ತಿರ್ತಾನೆ.

ಎರೆಹೊಲ, ಕೊಪ್ಪಳ
ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಟ್ಯಾಕಲ್ ಬ್ಯಾಗ್ ಇಲ್ಲ, ನೆಲ ನೋಡಿದ್ರ ಎರಿ (ಕಪ್ಪು ಮಣ್ಣು). ಏನ್ಮಾಡೋದು?

ಕೃಷ್ಣೆದಂಡಿ, ರಾಯಚೂರು
ಬಿರುಕು ಬಿಟ್ಟ ಎರಿ ಮ್ಯಾಲೆ ಓಡಸಬ್ಯಾಡ್ರಿ, ಕಾಲು ಸಿಕ್ಕಿ ಪಾದದ ಕೀಲು ಉಳುಕ್ತದ. ಮಸಾರಿ (ಕೆಂಪು ಮಣ್ಣಿನ) ನೆಲ ಹುಡುಕಿ, ಸಡಿಲ ಮಾಡಿ ಭತ್ತದ ಹುಲ್ಲು ಅರ್ಧ ಅಡಿ ಹಾಸ್ರಿ. ಎರಡು ಗೋಣಿಚೀಲ ಒಂದರೊಳಗೊಂದು ಹಾಕಿ ಹುಲ್ಲು ಬಿಗಿದು ತುಂಬಿದ್ರ ಬ್ಯಾಗ್ ಆತು. ಬಾಯಿ ಹೊಲಿಯೋ ಸುತಳಿ ಗಂಟು ಹೊರಗ ಉಳೀಬಾರದು, ಮುಖ ಕೆತ್ತತದ. ಮೊದಲ ವಾರ ಎಲ್ಲಾ ಮೊಣಕಾಲ ಮ್ಯಾಲೆ ಕುಂತೇ ಟ್ಯಾಕಲ್, ಆಮ್ಯಾಲೆ ನಡೀತಾ, ಆಮ್ಯಾಲೆ ಓಡ್ತಾ.

ಸೀಟಿಮಾಸ್ತರ, ಬಳ್ಳಾರಿ
ಚೆಂಡು 5ನೇ ಸೈಜಿಂದೇ ತಗೊಳ್ಳಿ, ಗಾಳಿ 9.5ರಿಂದ 10 ಪಿಎಸ್‌ಐ. ನೆರಳಲ್ಲಿ ಅಳೆದು ತುಂಬಿಸಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬಿಟ್ರೆ ಗಾಳಿ ಉಬ್ಬಿ ಕಲ್ಲಾಗುತ್ತೆ, ಹಿಡಿಯೋಕೆ ಹೋದ ಕೈಯಿಂದ ಪುಟಿದು ಹೋಗುತ್ತೆ.